ಗ್ಯಾಸಿಗಿಂತ ಬಗ್ಗಡ ದೊಡ್ಡದು

ಶಿರಸಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸಿನ ಗುಂಡಿಯೊಂದಿದೆ. ಐದು ದನಗಳ ಸಗಣಿ, ಅಷ್ಟೇ ನೀರು, ಕದಡಲು ಒಂದು ಕೋಲು. ಬೆಳಗಿನ ದೋಸೆಯಿಂದ ರಾತ್ರಿ ಹಾಲು ಕಾಯಿಸುವವರೆಗೆ ಒಲೆಗೆ ಅದೇ ಆಧಾರ. ಈಗ ನಾನು ದುಡಿಯುವುದು ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡಿನಿಂದ ವಾಹನಕ್ಕೆ ತುಂಬುವ ಗ್ಯಾಸ್ ತೆಗೆಯುವ ಘಟಕದಲ್ಲಿ. ಕಾಗದದಲ್ಲಿ ಇದರ ಹೆಸರು ಕಂಪ್ರೆಸ್ಡ್ ಬಯೋಗ್ಯಾಸ್, ಬಾಯಲ್ಲಿ ಸಿಬಿಜಿ. ಕೆಲಸ ಮನೆಯ ಗುಂಡಿಯದ್ದೇ: ಗಾಳಿಯಿಲ್ಲದ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಕೊಳೆಯುವುದನ್ನು ತಿಂದು ಮೀಥೇನ್ ಬಿಡುತ್ತವೆ. ಅದರ ಜೊತೆ ಬರುವ ಇಂಗಾಲದ ಡೈಆಕ್ಸೈಡ್, ಗಂಧಕದ ಗಾಳಿ, ನೀರಿನ ಹಬೆ ತೆಗೆದು 250 ಬಾರ್ ಒತ್ತಡದಲ್ಲಿ ಸಿಲಿಂಡರಿಗೆ ತುಂಬುತ್ತೇವೆ. ಕಬ್ಬು ಗಾಳಿಯಿಂದ ಹೀರಿದ ಇಂಗಾಲವೇ ವಾಪಸ್ ಗಾಳಿಗೆ ಹೋಗುತ್ತದೆ, ನೆಲದಾಳದ್ದು ಹೊಸದಾಗಿ ಮೇಲೆ ಬರುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕ. ಆ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಕೇಂದ್ರ ಸರ್ಕಾರ 2018ರ ಅಕ್ಟೋಬರ್ 1ರಂದು ‘ಸತತ್’ ಯೋಜನೆ ಶುರು ಮಾಡಿದಾಗ ಇಟ್ಟ ಗುರಿ 5000 ಘಟಕ, ವರ್ಷಕ್ಕೆ 150 ಲಕ್ಷ ಟನ್ ಗ್ಯಾಸ್. ಗಡುವು 2023-24. ಗಡುವು ಮುಗಿದಾಗ ಆ 5000ದಲ್ಲಿ ನೂರಕ್ಕೆ ಐದು ಪಾಲೂ ನಡೆಯುತ್ತಿರಲಿಲ್ಲ. ಯಂತ್ರಗಳು ಇರಲಿಲ್ಲ ಎಂದಲ್ಲ. ದುಡ್ಡಿದ್ದವರಿಗೆ ಜಗತ್ತಿನ ಯಾವ ಯಂತ್ರ ಬೇಕಾದರೂ ಸಿಗುತ್ತಿತ್ತು. ಎಡವಿದ್ದು ಬೇರೆ ಕಡೆ, ಮತ್ತು ಎಡವಿದವರಲ್ಲಿ ನಾನೂ ಒಬ್ಬ.

1. ಹಂಗಾಮಿನ ಲೆಕ್ಕ ವರ್ಷದ ಲೆಕ್ಕವಲ್ಲ

ಕಬ್ಬಿನ ರಸ ಸೋಸಿದಾಗ ಫಿಲ್ಟರಿನಲ್ಲಿ ಉಳಿಯುವ ಕಪ್ಪು ಮಡ್ಡಿಯೇ ಪ್ರೆಸ್‌ಮಡ್. ಅರೆದ ಕಬ್ಬಿನ ತೂಕದಲ್ಲಿ ನೂರಕ್ಕೆ ಮೂರೂವರೆ ಪಾಲು ಎಂದು ಹಿಡಿಯಿರಿ. ದಿನಕ್ಕೆ 5000 ಟನ್ ಅರೆಯುವ ಕಾರ್ಖಾನೆಯಲ್ಲಿ 175 ಟನ್ ಮಡ್ಡಿ ಬೀಳುತ್ತದೆ. ಸುಮಾರು 25 ಟನ್ನಿಗೆ ಒಂದು ಟನ್ ಗ್ಯಾಸ್. ಹಾಗಾದರೆ ದಿನಕ್ಕೆ 7 ಟನ್ನಿನ ಘಟಕ ಕಟ್ಟಬಹುದು. ಹೀಗಂತ ಬರೆದ ವರದಿಯನ್ನು ನಾನೇ ಒಮ್ಮೆ ತಲೆಯಾಡಿಸಿ ಒಪ್ಪಿದ್ದೆ.

ಕಾರ್ಖಾನೆ ನಡೆಯುವುದು ವರ್ಷದಲ್ಲಿ ಸುಮಾರು 150 ದಿನ. ಆ ದಿನಗಳ ಒಟ್ಟು ಮಡ್ಡಿ 26,250 ಟನ್. ಮಡ್ಡಿ ಕೊಳೆಯುವ ಮುಚ್ಚಿದ ಟ್ಯಾಂಕಿಗೆ, ಅಂದರೆ ಡೈಜೆಸ್ಟರಿಗೆ, ಮಾತ್ರ 330 ದಿನವೂ ಹಸಿವು. ಭಾಗಿಸಿದರೆ ದಿನಕ್ಕೆ 80 ಟನ್ನಿಗಿಂತ ಕಡಿಮೆ, ಗ್ಯಾಸ್ 3 ಟನ್ ಚಿಲ್ಲರೆ. ಅಂದರೆ 7 ಟನ್ನಿಗೆ ಕಟ್ಟಿದ ಟ್ಯಾಂಕು, ಕಂಪ್ರೆಸರ್, ಸಾಲ ಎಲ್ಲವೂ ಅರ್ಧ ಹೊಟ್ಟೆಯಲ್ಲಿ. ಪಕ್ಕದ ಕಾರ್ಖಾನೆಯಿಂದ ತರಿಸುತ್ತೇವೆ ಎಂಬ ಸಾಲು ಪ್ರತಿ ವರದಿಯಲ್ಲೂ ಇರುತ್ತದೆ. ಪಕ್ಕದವರ ವರದಿಯಲ್ಲಿ ನಮ್ಮ ಕಾರ್ಖಾನೆಯ ಹೆಸರಿರುತ್ತದೆ.

ಇನ್ನೊಂದು ಮಾತು. ನಾವು ಬರುವ ಮೊದಲು ಈ ಮಡ್ಡಿಗೆ ಬೆಲೆ ಇರಲಿಲ್ಲ. ‘ಒಯ್ದು ಪುಣ್ಯಾ ಕಟ್ಕೋರಿ’ ಅನ್ನುತ್ತಿದ್ದರು. ನಮ್ಮ ಚಿಮಣಿ ಎದ್ದು ಆರು ತಿಂಗಳಿಗೆ ಅದಕ್ಕೆ ಟೆಂಡರ್ ಶುರುವಾಯಿತು. ಕಸವನ್ನು ಕಚ್ಚಾಮಾಲು ಎಂದು ಕರೆದ ದಿನವೇ ಅದು ಪುಕ್ಕಟೆಯಾಗಿ ಉಳಿಯುವುದಿಲ್ಲ. ಯಾವ ಲೆಕ್ಕದಲ್ಲೂ ಕಚ್ಚಾಮಾಲಿನ ಬೆಲೆಯನ್ನು ಇವತ್ತಿನ ದರಕ್ಕೆ ಹತ್ತು ವರ್ಷ ನಿಲ್ಲಿಸಬೇಡಿ.

2. ಗುಡ್ಡೆ ಹಾಕಿದ ದಿನದಿಂದ ಗ್ಯಾಸ್ ಹೊರಟಿರುತ್ತದೆ

ಐದು ತಿಂಗಳಲ್ಲಿ ಬಂದದ್ದನ್ನು ಹನ್ನೊಂದು ತಿಂಗಳು ಉಣ್ಣಿಸಬೇಕು. ಮೊದಲ ವರ್ಷ ನಾವು ಬಯಲಲ್ಲಿ ಗುಡ್ಡೆ ಹಾಕಿದೆವು. ಜನವರಿಯ ಒಂದು ಮುಂಜಾನೆ ಗುಡ್ಡೆಯ ನೆತ್ತಿಯಿಂದ ಹಬೆ ಏಳುತ್ತಿತ್ತು. ನೋಡಲು ಚೆಂದ, ನಾನು ಫೋಟೋ ತೆಗೆದುಕೊಂಡೆ. ನಮ್ಮ ಲೋಡರ್ ಡ್ರೈವರ್ ಒಂದು ಕಬ್ಬಿಣದ ಸರಳನ್ನು ಗುಡ್ಡೆಗೆ ಚುಚ್ಚಿ ಐದು ನಿಮಿಷ ಬಿಟ್ಟು ಎಳೆದ. ತುದಿ ಮುಟ್ಟಲಾಗಲಿಲ್ಲ. ‘ಸರ, ನಿಮ್ಮ ಗ್ಯಾಸ್ ಇಲ್ಲೇ ಅಡಗಿ ಆಗಾಕತ್ತೈತಿ’ ಅಂದ.

ಅವನ ಮಾತು ಅಕ್ಷರಶಃ ಸರಿ. ಗಾಳಿ ಸಿಕ್ಕರೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಅದೇ ಆಹಾರವನ್ನು ಸುಟ್ಟು ಕಾವು ಮಾಡಿ ಮುಗಿಸುತ್ತವೆ. ಮಡ್ಡಿಯಲ್ಲಿ ಮೇಣದ ಅಂಶವಿರುವುದರಿಂದ ಬೇಸಿಗೆಯಲ್ಲಿ ಗುಡ್ಡೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಪರಿಹಾರ ಹೊಸದಲ್ಲ, ಹೈನುಗಾರರ ರಸಮೇವಿನ ಗುಂಡಿಯದ್ದೇ: ತೆಳುವಾಗಿ ಹರಡಿ, ಟ್ರ್ಯಾಕ್ಟರ್ ಹತ್ತಿಸಿ ತುಳಿದು, ಗಾಳಿ ಹೊರಹಾಕಿ, ಮೇಲೆ ದಪ್ಪ ಹೊದಿಕೆ ಎಳೆದು ಅಂಚಿಗೆ ಮಣ್ಣು ಹಾಕುವುದು. ಆ ವರ್ಷದ ಎಲ್ಲ ಹೊಸ ಯಂತ್ರಗಳಿಗಿಂತ ಹೆಚ್ಚು ಗ್ಯಾಸ್ ಕೊಟ್ಟದ್ದು ಆ ಪ್ಲಾಸ್ಟಿಕ್ ಹಾಳೆ. ಅದರ ಬಿಲ್ಲಿಗೆ ಸಹಿ ಹಾಕಿಸಲು ಮಾತ್ರ ಕಂಪ್ರೆಸರಿನ ಬಿಲ್ಲಿಗಿಂತ ಹೆಚ್ಚು ಓಡಾಡಿದೆ.

3. ಹೆಪ್ಪು ಹಾಕಿ ಕಾಯಬೇಕು

ಹೊಸ ಡೈಜೆಸ್ಟರಿಗೆ ಜೀವ ಬರಬೇಕಾದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೆಯ ಸಗಣಿನೀರು ಹಾಕಬೇಕು. ನಾವು ಸುತ್ತಲಿನ ಹಳ್ಳಿಗಳಿಂದ ಟ್ಯಾಂಕರುಗಟ್ಟಲೆ ತರಿಸಿದೆವು. ಆಮೇಲೆ ಉಣಿಸುವುದನ್ನು ದಿನದಿನವೂ ಸ್ವಲ್ಪಸ್ವಲ್ಪವೇ ಏರಿಸಬೇಕು. ಇಲ್ಲಿ ಆತುರಪಡದ ಮಾಲೀಕನನ್ನು ನಾನು ಇನ್ನೂ ಕಂಡಿಲ್ಲ. ಬ್ಯಾಂಕಿನ ಬಡ್ಡಿ ಮೊದಲ ದಿನದಿಂದ ಓಡುತ್ತದೆ, ಮೀಥೇನ್ ಮಾಡುವ ಜೀವಿಗಳು ತಮ್ಮ ಸಂಖ್ಯೆ ದುಪ್ಪಟ್ಟು ಮಾಡಿಕೊಳ್ಳಲು ದಿನಗಳನ್ನೇ ತೆಗೆದುಕೊಳ್ಳುತ್ತವೆ.

ನಾನು ಹೈಸ್ಕೂಲಿನಲ್ಲಿದ್ದಾಗ ಹಪ್ಪಳದ ಕಾಲದಲ್ಲಿ ಹಲಸಿನ ಸಿಪ್ಪೆ, ಸಾರೆಗಳನ್ನೆಲ್ಲ ಒಂದೇ ದಿನ ಗೋಬರ್ ಗುಂಡಿಗೆ ತುಂಬಿದ್ದೆ. ಹೆಚ್ಚು ಗ್ಯಾಸ್ ಬರಲಿ ಎಂಬ ವಿಜ್ಞಾನ. ಮಾರನೆಯ ದಿನ ಒಲೆಯ ಉರಿ ಹಳದಿಯಾಗಿ ನಡುಗಿತು, ಮೂರನೆಯ ದಿನ ಹತ್ತಲೇ ಇಲ್ಲ. ಅಮ್ಮ ಗುಂಡಿಯ ಬಾಯಿ ಮೂಸಿ, ‘ಇದಕ್ಕೆ ಹಸಿವಿಲ್ಲೆ’ ಎಂದು ಹೇಳಿ ಹದಿನೈದು ದಿನ ಕಟ್ಟಿಗೆ ಒಲೆ ಉರಿಸಿದಳು. ಸಿಹಿ ಪದಾರ್ಥ ಬೇಗ ಹುಳಿಯಾಗುತ್ತದೆ. ಹುಳಿ ಮಾಡುವ ಜೀವಿಗಳು ಚುರುಕು, ಹುಳಿಯನ್ನು ತಿಂದು ಮೀಥೇನ್ ಬಿಡುವವು ನಿಧಾನ. ಮುಂದಿನವರು ಹಿಂದಿನವರನ್ನು ಬಿಟ್ಟು ಓಡಿದರೆ ಗುಂಡಿ ಕೆಡುತ್ತದೆ.

ಇಪ್ಪತ್ತು ವರ್ಷ ಬಿಟ್ಟು ಅದೇ ತಪ್ಪನ್ನು ಲಕ್ಷಾಂತರ ಲೀಟರಿನ ಟ್ಯಾಂಕಿನಲ್ಲಿ ಮಾಡಿದೆ. ಅಕ್ಟೋಬರಿನವರೆಗೆ ನಾವು ಉಣಿಸುತ್ತಿದ್ದುದು ಎಂಟು ತಿಂಗಳು ಹಳೆಯ, ಸತ್ವ ಕಳೆದ ಮಡ್ಡಿ, ದಿನಕ್ಕೆ 80 ಟನ್. ದೀಪಾವಳಿ ಕಳೆದು ಕಾರ್ಖಾನೆ ಚಾಲೂ ಆಯಿತು, ತಾಜಾ ಮಡ್ಡಿ ಬಂತು. ಅದನ್ನೂ 80 ಟನ್ನೇ ಹಾಕಿದೆವು. ತೂಕ ಒಂದೇ, ಊಟ ಒಂದೇ ಅಲ್ಲ. ಗಂಜಿ ಕುಡಿಯುತ್ತಿದ್ದವನಿಗೆ ಅದೇ ಅಳತೆಯ ಹೋಳಿಗೆ ಹಾಕಿದ ಹಾಗಾಯಿತು. ನಾಲ್ಕನೆಯ ದಿನ ಸುರಕ್ಷತಾ ವಾಲ್ವಿನಿಂದ ಗ್ಯಾಸಿನ ಬದಲು ಕಂದು ನೊರೆ ಉಕ್ಕಿ ಟ್ಯಾಂಕಿನ ಮೈಮೇಲೆ ಇಳಿಯತೊಡಗಿತು. ಸರಿಯಾಗಲು ಐದು ವಾರ ಹಿಡಿಯಿತು.

4. ಪರದೆಯನ್ನೂ ನೋಡಿ, ಬ್ಯೂರೆಟ್ಟನ್ನೂ ಬಿಡಬೇಡಿ

ಆ ನಾಲ್ಕು ದಿನವೂ ಕಂಟ್ರೋಲ್ ರೂಮಿನ ಪರದೆ ಹಸಿರಾಗಿಯೇ ಇತ್ತು. ಪಿಎಚ್ 7.2, ಉಷ್ಣಾಂಶ 38. ನಮ್ಮ ತಪ್ಪು ಪಿಎಚ್ಚನ್ನು ನಂಬಿದ್ದು. ಡೈಜೆಸ್ಟರಿನ ನೀರಿನಲ್ಲಿ ಬೈಕಾರ್ಬೊನೇಟಿನ ದೊಡ್ಡ ದಾಸ್ತಾನಿರುತ್ತದೆ. ಹುಟ್ಟಿದ ಆಮ್ಲವನ್ನೆಲ್ಲ ಅದು ನುಂಗಿಕೊಳ್ಳುತ್ತಲೇ ಇರುತ್ತದೆ. ಆ ದಾಸ್ತಾನು ಬರಿದಾದ ಮೇಲಷ್ಟೇ ಪಿಎಚ್ ಬಾಯಿ ಬಿಡುವುದು. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ನೋಡಬೇಕಾದದ್ದು ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ. ಒಂದು ಬೀಕರ್, ಸ್ವಲ್ಪ ಗಂಧಕಾಮ್ಲ, ಒಂದು ಬ್ಯೂರೆಟ್, ಇಪ್ಪತ್ತು ನಿಮಿಷ. 0.3ರ ಒಳಗಿದ್ದರೆ ನೆಮ್ಮದಿ. 0.4 ದಾಟಿದರೆ ಉಣಿಸುವ ಕೈ ಹಿಡಿಯಬೇಕು. ಈಗ ನಮ್ಮಲ್ಲಿ ಬೆಳಗಿನ ಪಾಳಿಯ ಹುಡುಗಿ, ಪಕ್ಕದ ಊರಿನ ಬಿಎಸ್ಸಿ ಪದವೀಧರೆ, ಈ ಅಂಕಿಯನ್ನು ಬಿಳಿ ಹಲಗೆಯ ಮೇಲೆ ಬರೆಯುವವರೆಗೆ ಫೀಡ್ ಪಂಪಿನ ಸ್ವಿಚ್ ಮುಟ್ಟುವಂತಿಲ್ಲ. ಮ್ಯಾನೇಜರ್ ಹೇಳಿದರೂ.

ಸೆನ್ಸರ್ ಬೇಡ ಅನ್ನುವವನಲ್ಲ ನಾನು. ಗ್ಯಾಸಿನಲ್ಲಿ ಮೀಥೇನ್ ಎಷ್ಟು, ಹರಿವು ಎಷ್ಟು ಎಂದು ನಿಮಿಷ ನಿಮಿಷ ಹೇಳುವ ಅನಲೈಸರ್ ಇಲ್ಲದೆ ಈ ಗಾತ್ರದ ಘಟಕ ನಡೆಸಲು ಸಾಧ್ಯವೇ ಇಲ್ಲ. ಈಚೆಗೆ ಹಳೆಯ ದಾಖಲೆ ಓದಿ ಮುಂದಿನ ವಾರದ ಗ್ಯಾಸ್ ಅಂದಾಜು ಮಾಡುವ ಸಾಫ್ಟ್‌ವೇರನ್ನೂ ಹಾಕಿಸಿದ್ದೇವೆ. ಅದಕ್ಕೆ ಉಣ್ಣಿಸುವುದು ಇದೇ ಬಿಳಿ ಹಲಗೆಯ ಅಂಕಿಗಳನ್ನು. ಆ ಹುಡುಗಿ ರಜೆ ಹಾಕಿದ ವಾರ ಅದರ ಭವಿಷ್ಯವೂ ರಜೆ.

5. ಮರಳು

ಇದರ ಬಗ್ಗೆ ಯಾವ ಸಮ್ಮೇಳನದಲ್ಲೂ ಭಾಷಣ ಕೇಳಿಲ್ಲ. ಕಬ್ಬಿನ ಜೊತೆ ಹೊಲದ ಮಣ್ಣು ಬರುತ್ತದೆ, ಮಳೆಯಲ್ಲಿ ಕಟಾವಾದರೆ ಇನ್ನೂ ಹೆಚ್ಚು. ಅದು ಮಡ್ಡಿಯಲ್ಲಿ ಕೂತು, ಮಡ್ಡಿಯಿಂದ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪಿನ ಇಂಪೆಲರ್ ಸವೆದು ಬ್ಲೇಡಿನಂತಾಗುತ್ತದೆ. ಮೂರು ವರ್ಷಕ್ಕೆ ಒಂದು ಟ್ಯಾಂಕು ಖಾಲಿ ಮಾಡಿಸಿದಾಗ ತಳದಲ್ಲಿ ಮೊಣಕಾಲುದ್ದ ಮರಳು. ಅಷ್ಟು ಜಾಗಕ್ಕೆ ನಾವು ಸಾಲ ಕಟ್ಟುತ್ತಿದ್ದೆವು. ಫೀಡ್ ಟ್ಯಾಂಕಿನ ಮುಂದೆ ಮರಳು ಕೂರುವ ಸಣ್ಣ ತೊಟ್ಟಿ ಕಟ್ಟಿ. ಅಷ್ಟೇ.

6. ಹೊಲದಲ್ಲಿ ಚಿನ್ನ, ಟ್ಯಾಂಕಿನಲ್ಲಿ ಚಾಪೆ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ಇಲ್ಲಿ ರವದಿ ಎನ್ನುತ್ತಾರೆ. ಸಂಜೆ ಹೊತ್ತು ಸೀಮೆಯೆಲ್ಲ ಅದರ ಹೊಗೆ. ಅದನ್ನು ಸುಡುವ ಬದಲು ನಮಗೆ ಕೊಟ್ಟರೆ ಮಡ್ಡಿಯ ಕೊರತೆಯೇ ಇಲ್ಲ ಎಂದು ನನಗೂ ಅನಿಸಿತ್ತು. ಕತ್ತರಿಸಿ ಹಾಕಿದೆವು. ಎರಡು ವಾರದಲ್ಲಿ ಅದು ಟ್ಯಾಂಕಿನ ಮೇಲೆ ತೇಲಿ, ಹೆಣೆದುಕೊಂಡು, ಮನುಷ್ಯ ನಿಲ್ಲುವಷ್ಟು ಗಟ್ಟಿ ಚಾಪೆಯಾಯಿತು. ಕಲಕುವ ಯಂತ್ರದ ಸದ್ದೇ ಬದಲಾಯಿತು.

ಗರಿಯ ನಾರಿನಲ್ಲಿ ಆಹಾರವಿದೆ, ಆದರೆ ಅದನ್ನು ಲಿಗ್ನಿನ್ ಎಂಬ ಗಟ್ಟಿ ಅಂಟು ಕವಚದಂತೆ ಸುತ್ತಿದೆ. ಆ ಕವಚ ಒಡೆಯಲು ಹಬೆ, ಆಮ್ಲ, ಎಂಜೈಮು ಎಂದು ಜಗತ್ತು ಕೋಟಿಗಟ್ಟಲೆ ಸುರಿದಿದೆ. ಅಮೆರಿಕದ ಅಯೋವಾದ ನೆವಾಡ ಎಂಬ ಊರಿನಲ್ಲಿ ಡುಪಾಂಟ್ ಕಂಪನಿ ಮೆಕ್ಕೆಜೋಳದ ದಂಟಿನಿಂದ ಎಥನಾಲ್ ಮಾಡುವ ದೊಡ್ಡ ಕಾರ್ಖಾನೆಯನ್ನು 2015ರಲ್ಲಿ ತೆರೆದು 2017ರಲ್ಲಿ ಮಾರಾಟಕ್ಕಿಟ್ಟಿತು. ಜರ್ಮನಿಯ ವರ್ಬಿಯೊ ಅದನ್ನು ಕೊಂಡು, ಅದೇ ಜಾಗದಲ್ಲಿ ಅದೇ ದಂಟಿನಿಂದ ಬಯೋಗ್ಯಾಸ್ ತೆಗೆಯಲು ಹೊರಟಿತು. ಅದೇ ವರ್ಬಿಯೊ ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೆಹ್ರಾಗಾಗಾದಲ್ಲಿ ಭತ್ತದ ಹುಲ್ಲಿನ ಘಟಕ ಕಟ್ಟಿದ್ದು, 2022ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ ಸುಮಾರು 33 ಟನ್ ಗ್ಯಾಸಿನ ಸಾಮರ್ಥ್ಯ. ಎಂಜೈಮಿಗೆ ಗಂಟೆಗಳ ಗಡುವು ಕೊಡುವ ಬದಲು ಸೂಕ್ಷ್ಮಜೀವಿಗಳಿಗೆ ವಾರಗಳ ಸಮಯ ಕೊಡುವುದು ಇಲ್ಲಿನ ಜಾಣತನ ಎಂದು ನನ್ನ ಎಣಿಕೆ. ಆದರೆ ಅದಕ್ಕೆ ತಕ್ಕ ಟ್ಯಾಂಕು, ತಕ್ಕ ಕಲಕುಯಂತ್ರ ಮೊದಲಿಂದಲೇ ಬೇಕು. ಮಡ್ಡಿಗಾಗಿ ಕಟ್ಟಿದ ಟ್ಯಾಂಕಿಗೆ ರವದಿ ತುರುಕಿದ್ದು ನಮ್ಮ ದಡ್ಡತನ.

ರವದಿಯ ವಿಷಯದಲ್ಲಿ ನಿಜಕ್ಕೂ ನೆರವಾದ ಹೊಸ ಯಂತ್ರ ಬೇಲರ್, ಹೊಲದಲ್ಲೇ ಪೆಂಡಿ ಕಟ್ಟುವುದು. ಅದೂ ವರ್ಷದಲ್ಲಿ ಕೆಲವೇ ವಾರ. ಕಟಾವು ಮುಗಿದ ರೈತನಿಗೆ ಕುಳೆಗೆ ನೀರು ಬಿಡುವ ಅವಸರ. ಎಂಟು ದಿನದೊಳಗೆ ನೀವು ಬರದಿದ್ದರೆ ಅವನು ಕಡ್ಡಿ ಗೀರುತ್ತಾನೆ, ಅವನದ್ದು ತಪ್ಪೂ ಅಲ್ಲ.

7. ಸೋರಿದ್ದನ್ನು ಅಳೆಯದವರು ಹಸಿರಿನ ಮಾತು ಆಡಬಾರದು

ಈಗ ಆ ಇಂಗಾಲದ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಮೀಥೇನ್ ಉರಿದರೆ 2.75 ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ ಗ್ಯಾಸ್ ನೆಲದಾಳದ ಗ್ಯಾಸಿನ ಜಾಗಕ್ಕೆ ಬಂದರೆ ಕಿಲೋಗೆ ಅಷ್ಟು ಉಳಿತಾಯ. ಆದರೆ ಉರಿಯದೆ ಸೋರಿದ ಮೀಥೇನಿನ ಕಾವು, ಐಪಿಸಿಸಿಯ ಆರನೆಯ ವರದಿಯಂತೆ, 100 ವರ್ಷದ ಲೆಕ್ಕದಲ್ಲಿ ಡೈಆಕ್ಸೈಡಿನ 27 ಪಟ್ಟು, 20 ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ನೂರು ಕಿಲೋ ಹುಟ್ಟಿದಲ್ಲಿ ಒಂಬತ್ತು-ಹತ್ತು ಕಿಲೋ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಉಳಿತಾಯ ಸೊನ್ನೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಮೂರು ಕಿಲೋ ಚಿಲ್ಲರೆ ಸಾಕು. ಕೊಳೆಯಲು ಬಿಟ್ಟ ಮಡ್ಡಿಯಿಂದ ಬರಬಹುದಾಗಿದ್ದ ಗ್ಯಾಸನ್ನು ತಡೆದೆವು ಎಂಬ ಜಮೆ ನಮ್ಮ ಕಡೆ ಇದೆ, ನಿಜ. ಅದನ್ನು ತೋರಿಸಿ ಇದನ್ನು ಮುಚ್ಚಿಡಬಾರದು.

ನಮ್ಮ ಮೊದಲ ಶುದ್ಧೀಕರಣ ಯಂತ್ರ ಒತ್ತಡ ಏರಿಳಿಸಿ ಅನಿಲ ಬೇರ್ಪಡಿಸುವ ಜಾತಿಯದು. ಅದರ ಬಾಲದ ಗಾಳಿಯಲ್ಲಿ ಮೀಥೇನ್ ನೂರಕ್ಕೆ ಮೂರು-ನಾಲ್ಕು ಪಾಲು ಹೋಗುತ್ತಿತ್ತು. ಮೂರು ಹಂತದ ಮೆಂಬ್ರೇನಿಗೆ ಬದಲಿಸಿದ ಮೇಲೆ ಅದು ಒಂದಕ್ಕಿಂತ ಕೆಳಗಿಳಿಯಿತು. ಹೊಸ ತಂತ್ರಜ್ಞಾನಕ್ಕೆ ಕೊಟ್ಟ ದುಡ್ಡು ಸಾರ್ಥಕವಾಯಿತು ಎಂದು ಎದೆ ತಟ್ಟಿ ಹೇಳಬಲ್ಲ ಜಾಗ ಇದೊಂದು.

ಆ ಖುಷಿಯಲ್ಲೇ ಸೋರಿಕೆ ಹಿಡಿಯುವ ಇನ್‌ಫ್ರಾರೆಡ್ ಕ್ಯಾಮೆರಾವನ್ನು ಎರಡು ದಿನಕ್ಕೆ ಬಾಡಿಗೆಗೆ ತರಿಸಿದೆವು. ಬರಿಗಣ್ಣಿಗೆ ಎಲ್ಲ ಸ್ವಚ್ಛ. ಕ್ಯಾಮೆರಾದ ಪರದೆಯಲ್ಲಿ ಡೈಜೆಸ್ಟರಿನ ಮ್ಯಾನ್‌ಹೋಲಿನ ಅಂಚಿನಿಂದ ಊದುಬತ್ತಿಯ ಹೊಗೆಯಂತೆ ಎಳೆಯೊಂದು ಏಳುತ್ತಿತ್ತು. ಅದು ಚಿಕ್ಕದು, ನಾಲ್ಕು ಬೋಲ್ಟು ಬಿಗಿದರೆ ಹೋಯಿತು. ದೊಡ್ಡದು ನಾವು ಕಡೆಗಣಿಸಿದ ಜಾಗದಲ್ಲಿತ್ತು: ಜೀರ್ಣವಾಗಿ ಹೊರಬಂದ ಬಗ್ಗಡದ ತೆರೆದ ಹೊಂಡ. ಮೇಲ್ಮೈಯೆಲ್ಲ ಕುದಿಯುವ ಅನ್ನದ ಪಾತ್ರೆಯ ಹಾಗೆ ಹೊಗೆಯಾಡುತ್ತಿತ್ತು. ಜೀರ್ಣ ಪೂರ್ತಿ ಮುಗಿಯುವ ಮೊದಲೇ ನಾವು ಅದನ್ನು ಹೊರದೂಡುತ್ತಿದ್ದೆವು. ಹೊಂಡಕ್ಕೆ ಹೊದಿಕೆ ಹಾಕಿ ಕೊಳವೆ ಜೋಡಿಸಿದ ಮೇಲೆ ಅಲ್ಲಿಂದಲೂ ಮಾರುವಷ್ಟು ಗ್ಯಾಸ್ ಬಂತು. ಇಷ್ಟು ದಿನ ಅದನ್ನು ಆಕಾಶಕ್ಕೆ ಮಾರಿದ್ದೆವು.

8. ಕ್ಯಾಟಲಾಗಿನ ಬೇಸಿಗೆ ಬೇರೆ, ಬಾಗಲಕೋಟೆಯ ಬೇಸಿಗೆ ಬೇರೆ

ಏಪ್ರಿಲಿನಲ್ಲಿ ನಮ್ಮಲ್ಲಿ ನೆರಳಲ್ಲೇ 41-42 ಡಿಗ್ರಿ. ತಗಡಿನ ಶೆಡ್ಡಿನೊಳಗೆ ಇನ್ನೂ ಐದಾರು ಸೇರಿಸಿ. ಗ್ಯಾಸ್ ತಣಿಯದಿದ್ದರೆ ಕಂಪ್ರೆಸರ್ ಮಧ್ಯಾಹ್ನ ಎರಡಕ್ಕೆ ತಾನಾಗಿ ನಿಲ್ಲುತ್ತದೆ, ನೀರಿನ ಹಬೆ ಉಳಿದರೆ ಮೆಂಬ್ರೇನ್ ಹಾಳಾಗುತ್ತದೆ. ಯಂತ್ರ ಪೂರೈಸಿದವರ ಎಂಜಿನಿಯರ್ ಬೆಳಿಗ್ಗೆ ಹತ್ತಕ್ಕೆ ಬಂದು, ಎಲ್ಲ ಸರಿಯಾಗಿದೆ ಎಂದು ಬರೆದು, ಹನ್ನೆರಡಕ್ಕೆ ಹೊರಟರು. ಎರಡನೆಯ ಸಲ ಅವರಿಗೆ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ ಮಾಡಿಸಿ ಮೂರರವರೆಗೆ ಕೂರಿಸಿದೆವು. ಗ್ಯಾಸ್ ತಣಿಸುವ ಚಿಲ್ಲರ್ ಬದಲಾಯಿತು. ಮೂರನೆಯ ತೊಂದರೆ ಕರೆಂಟು. ಹಳ್ಳಿಯ ಫೀಡರ್ ಒಂದು ಕ್ಷಣ ಮಿಣುಕಿದರೂ ಸೂಕ್ಷ್ಮ ಯಂತ್ರಗಳೆಲ್ಲ ಮಲಗುತ್ತವೆ, ಎಬ್ಬಿಸಲು ಮುಕ್ಕಾಲು ಗಂಟೆ. ಒಪ್ಪಂದದಲ್ಲಿ ಖಾತರಿಯ ಪರೀಕ್ಷೆ ಮೇ ತಿಂಗಳ ಮಧ್ಯಾಹ್ನ, ನಿಮ್ಮ ಫೀಡರಿನ ಕರೆಂಟಿನಲ್ಲಿ, ನಿಮ್ಮ ಕೊಳಕು ಗ್ಯಾಸಿನಲ್ಲಿ ಎಂದು ಬರೆಸಿ.

9. ಮೂಗನ್ನು ನಂಬಬೇಡಿ

ಮಡ್ಡಿಯ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಸಾವಿರ ಪಿಪಿಎಂ ದಾಟುವುದು ಮಾಮೂಲು. ಕೊಳೆತ ಮೊಟ್ಟೆಯ ವಾಸನೆ ಅಂದರೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, 100 ಪಿಪಿಎಂ ಹತ್ತಿರ ಹೋದರೆ ಮೂಗು ಸೋತು ವಾಸನೆಯೇ ಬರುವುದಿಲ್ಲ. ವಾಸನೆ ನಿಂತಿತು ಎಂದುಕೊಂಡವನು ಅಪಾಯ ಕಳೆಯಿತು ಎಂದು ಒಂದು ಹೆಜ್ಜೆ ಮುಂದಿಡುತ್ತಾನೆ. ನಮ್ಮಲ್ಲಿ ಒಬ್ಬ ಹೀಗೆ ಪಿಟ್ಟಿನೊಳಗೆ ಇಳಿಯಲು ಕಾಲು ಹಾಕಿದ್ದ. ಅವನ ಅಂಗಿಗೆ ಸಿಕ್ಕಿಸಿದ್ದ ಬೆಂಕಿಪೊಟ್ಟಣದಷ್ಟರ ಡಿಟೆಕ್ಟರ್ ಕಿರುಚಿತು, ಜೊತೆಗಿದ್ದವನು ಕಾಲರ್ ಹಿಡಿದು ಎಳೆದ. ಇಡೀ ಘಟಕದಲ್ಲಿ ನಾನು ಕಣ್ಣು ಮುಚ್ಚಿ ಖರೀದಿಗೆ ಸಹಿ ಹಾಕುವ ಸಾಮಾನು ಅದೊಂದೇ. ಒಬ್ಬನೇ ಎಲ್ಲಿಗೂ ಇಳಿಯಬಾರದು, ಬಿದ್ದವನನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಇನ್ನೊಬ್ಬ ಇಳಿಯಬಾರದು.

10. ಗ್ಯಾಸ್ ಮಾರಾಟವಾಗುತ್ತದೆ, ಉಕ್ಕು ಹೊರುವುದು ಕಷ್ಟ

ನಗರ ಅನಿಲ ಕಂಪನಿಗಳು ತಮ್ಮ ಗ್ಯಾಸಿನಲ್ಲಿ ಸಿಬಿಜಿ ಬೆರೆಸಲೇಬೇಕು ಎಂಬ ನಿಯಮ ಬಂದಿದೆ: 2025-26ಕ್ಕೆ ನೂರಕ್ಕೆ 1, ಮರುವರ್ಷ 3, ಆಮೇಲೆ 4, 2028-29ರಿಂದ 5. ಹಾಗಾಗಿ ಗಿರಾಕಿಯ ಚಿಂತೆ ಕಡಿಮೆಯಾಗಿದೆ. ಮಾನಕದಂತೆ ಮೀಥೇನ್ ನೂರಕ್ಕೆ 90ಕ್ಕಿಂತ ಮೇಲಿದ್ದರೆ ಒಯ್ಯುತ್ತಾರೆ. ಒಯ್ಯುವುದು ಹೇಗೆ ಎಂಬುದೇ ಪ್ರಶ್ನೆ. ಪೈಪ್‌ಲೈನ್ ಇನ್ನೂ ನಮ್ಮ ಬಾಗಿಲಿಗೆ ಬಂದಿಲ್ಲ. ಉಕ್ಕಿನ ಸಿಲಿಂಡರಿನಲ್ಲಿ ಒಂದು ಕಿಲೋ ಗ್ಯಾಸಿಗೆ ನಾಲ್ಕೈದು ಕಿಲೋ ಉಕ್ಕು. ಲಾರಿ ದಿನವಿಡೀ ಉಕ್ಕು ಹೊತ್ತು ತಿರುಗುತ್ತದೆ, ಗ್ಯಾಸ್ ಅದರ ಸಂದಿಯಲ್ಲಿ ಕೂತು ಪ್ರಯಾಣ ಮಾಡುತ್ತದೆ. ನಾರಿನ ಹಗುರ ಸಿಲಿಂಡರ್ ಬಂದ ಮೇಲೆ ಒಂದೇ ಟ್ರಿಪ್ಪಿಗೆ ಹೆಚ್ಚು ಗ್ಯಾಸ್ ಹೋಗುತ್ತಿದೆ, ಬೆಲೆ ಮಾತ್ರ ನೋಡಿದರೆ ಬೆವರುತ್ತದೆ. ಘಟಕದ ಜಾಗ ಆಯ್ಕೆ ಮಾಡುವಾಗ ನಕ್ಷೆಯಲ್ಲಿ ಮಡ್ಡಿ ಬರುವ ದಾರಿಯ ಜೊತೆಗೆ ಗ್ಯಾಸ್ ಬಂಕುಗಳ ದೂರವನ್ನೂ ಅಳೆಯಿರಿ.

11. ಬಗ್ಗಡ

ದಿನಕ್ಕೆ 80 ಟನ್ ಮಡ್ಡಿ ಒಳಗೆ. 3 ಟನ್ ಮೀಥೇನ್ ಹೊರಗೆ, ಅದರ ಜೊತೆ ಸುಮಾರು 6 ಟನ್ ಡೈಆಕ್ಸೈಡ್. ಉಳಿದ 70 ಟನ್ ಎಲ್ಲಿ? ಅದಕ್ಕೆ ತೆಳುವಾಗಲೆಂದು ಬೆರೆಸಿದ ನೂರು ಟನ್ನಿಗೂ ಮೀರಿದ ನೀರು ಎಲ್ಲಿ? ಅದೇ ಬಗ್ಗಡ. ನಾವು ನಿಜವಾಗಿ ನಡೆಸುತ್ತಿರುವುದು ಗ್ಯಾಸಿನ ಕಾರ್ಖಾನೆಯಲ್ಲ, ಪಕ್ಕದಲ್ಲಿ ಒಂದಿಷ್ಟು ಗ್ಯಾಸ್ ಬರುವ ಗೊಬ್ಬರದ ಕಾರ್ಖಾನೆ. ಇದು ತಲೆಗೆ ಹೋಗಲು ನನಗೆ ಎರಡು ಮಳೆಗಾಲ ಬೇಕಾಯಿತು.

ಕಬ್ಬಿನ ಸೀಮೆಯ ಪಂಚಾಂಗ ನಮ್ಮದಕ್ಕೆ ತಾಳೆಯಾಗುವುದಿಲ್ಲ. ಕಟಾವಾದ ಹೊಲ ನವೆಂಬರಿನಿಂದ ಮಾರ್ಚಿನವರೆಗೆ ಬಗ್ಗಡ ಕುಡಿಯುತ್ತದೆ. ಜೂನ್ ದಾಟಿದರೆ ಕಬ್ಬು ಆಳೆತ್ತರ, ಟ್ಯಾಂಕರ್ ಒಳಗೆ ಹೋಗುವಂತಿಲ್ಲ. ನಮ್ಮ ಡೈಜೆಸ್ಟರ್ ಮಾತ್ರ ದಿನವೂ ಹೊರದೂಡುತ್ತದೆ. ಎರಡನೆಯ ವರ್ಷ ಸೆಪ್ಟೆಂಬರಿನ ಮಳೆಗೆ ಬಗ್ಗಡ ನಿಲ್ಲಿಸುವ ಲಗೂನ್ ಅಂಚಿಗೆ ಬಂತು. ಮೂರು ರಾತ್ರಿ ಜೆಸಿಬಿ ಹಚ್ಚಿ ಒಡ್ಡು ಏರಿಸುತ್ತ, ಹಳ್ಳಕ್ಕೆ ಒಂದು ತೊಟ್ಟೂ ಹೋಗದ ಹಾಗೆ ಕಾದೆವು. ಗ್ಯಾಸ್ ಉತ್ಪಾದನೆ ಆ ವಾರ ದಾಖಲೆ ಮುಟ್ಟಿತ್ತು, ಉಣಿಸುವುದನ್ನು ನಿಲ್ಲಿಸಿದೆ. ಗ್ಯಾಸಿಗೆ ಜಾಗವಿತ್ತು, ಬಗ್ಗಡಕ್ಕೆ ಇರಲಿಲ್ಲ.

ಆಮೇಲೆ ಸ್ಕ್ರೂ ಪ್ರೆಸ್ ಹಾಕಿಸಿ ಗಟ್ಟಿ, ತಿಳಿ ಬೇರೆ ಮಾಡಿದೆವು. ಗಟ್ಟಿ ಒಣಗಿಸಿ ಚೀಲಕ್ಕೆ. ಇಂಥ ಸಾವಯವ ಗೊಬ್ಬರಕ್ಕೆ ಕೇಂದ್ರ 2023ರಲ್ಲಿ ಟನ್ನಿಗೆ 1500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿದ್ದು ಕಷ್ಟಕಾಲದಲ್ಲಿ ಕೈ ಹಿಡಿಯಿತು. ತಿಳಿಯಲ್ಲಿ ಒಂದು ಪಾಲನ್ನು ಮಡ್ಡಿ ತೆಳುಮಾಡಲು ಮತ್ತೆ ಬಳಸುತ್ತೇವೆ. ಪೂರ್ತಿ ಬಳಸಿದರೆ ಅಮೋನಿಯಾ, ಉಪ್ಪು ಏರಿ ಜೀವಿಗಳು ಸೊರಗುತ್ತವೆ.

ಇದೆಲ್ಲ ಯಂತ್ರದ ಮಾತು. ರೈತರು ಒಪ್ಪಬೇಕಲ್ಲ? ಮೊದಲ ಸಭೆಯಲ್ಲಿ ನಾನು ಪರದೆಯ ಮೇಲೆ ಸಾರಜನಕ, ರಂಜಕದ ಅಂಕಿ ತೋರಿಸಿದೆ. ಹಿಂದೆ ಕೂತ ಹಿರಿಯರೊಬ್ಬರು ಎದ್ದು, ‘ಸಾಹೇಬ್ರ, ಇದು ಗೊಬ್ಬರ ಐತೋ, ಗಟಾರ ನೀರ ಐತೋ? ಮೊದಲ ನಿಮ್ಮ ಹೊಲಕ್ಕ ಹಾಕಿ ತೋರಸ್ರಿ’ ಅಂದರು. ನಮಗೆ ಹೊಲವೇ ಇರಲಿಲ್ಲ. ಗೇಟಿನ ಎದುರು, ರಸ್ತೆಯಿಂದ ಕಾಣುವ ಎರಡು ಎಕರೆ ಲಾವಣಿ ಹಿಡಿದು ಕಬ್ಬು ಹಾಕಿದೆವು. ಮೊದಲ ವರ್ಷ ಇಳುವರಿಯೇನೂ ಏರಲಿಲ್ಲ. ಯೂರಿಯಾ ಚೀಲ ಕಡಿಮೆ ಸಾಕಾಯಿತು, ಅಷ್ಟೇ. ಅದನ್ನು ಹಾಗೆಯೇ ಹೇಳಿದೆವು. ಹೆಚ್ಚು ಹೇಳಿದ್ದರೆ ನಂಬುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಕುಣಿಗಲ್ ಕಡೆಯ ಪುರ ಎಂಬ ಹಳ್ಳಿಯ ಕತೆ ನೆನಪಾಗುತ್ತದೆ. ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ಅಲ್ಲಿ ಊರಿಗೆಲ್ಲ ಒಂದೇ ಬಯೋಗ್ಯಾಸ್ ಘಟಕ ಮಾಡಿದರು. ಅಡುಗೆಗೆಂದು ಹೊರಟದ್ದು ಗ್ಯಾಸ್ ಸಾಲದೆ ನಿಂತಿತು. ಊರವರನ್ನು ಕೇಳಿದಾಗ ಬೇಕಾದದ್ದು ನಲ್ಲಿಯ ನೀರು. 1987ರಿಂದ ಆ ಗ್ಯಾಸಿನಿಂದ ಎಂಜಿನ್ ಓಡಿಸಿ ನೀರು, ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು, ಜೊತೆಗೆ ಅವರ ಪಾಲಿನ ಬಗ್ಗಡ ವಾಪಸ್. ಆ ವಾಪಸ್ ಕೊಡುವ ಪದ್ಧತಿಯನ್ನು ನಾವು ಎತ್ತಿಕೊಂಡೆವು. ಕಾರ್ಖಾನೆಗೆ ಕಬ್ಬು ಹಾಕಿದ ಚೀಟಿ ತೋರಿಸಿದರೆ ಟನ್ನಿಗೆ ಇಷ್ಟು ಎಂದು ಬಗ್ಗಡ ಉಚಿತ, ಟ್ಯಾಂಕರಿನ ಡೀಸೆಲ್ ಮಾತ್ರ ಅವರದ್ದು. ಗೇಟಿನಲ್ಲಿ ಪಾಳಿ ಬರೆಯುವ ರಿಜಿಸ್ಟರ್ ಇಟ್ಟಿದ್ದೇವೆ. ಹಂಗಾಮಿನಲ್ಲಿ ಆ ರಿಜಿಸ್ಟರಿಗಾಗಿ ಜಗಳ ನಡೆಯುತ್ತದೆ. ಗಟಾರ ನೀರು ಎಂದ ಹಿರಿಯರು ಹೋದ ಡಿಸೆಂಬರಿನಲ್ಲಿ ನನ್ನ ಮೊಬೈಲಿಗೆ ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿ, ‘ನನ್ನ ಪಾಳಿ ಯಾಕ ಹಿಂದ ಹಾಕೀರಿ?’ ಎಂದು ಗದರಿದರು.

12. ನೋಡಲು ಬಂದವರಿಗೆ

ತಿಂಗಳಿಗೆ ಇಬ್ಬರು ಮೂವರು ಘಟಕ ನೋಡಲು ಬರುತ್ತಾರೆ. ಹೂಡಿಕೆದಾರರು, ಕಾರ್ಖಾನೆಯ ಡೈರೆಕ್ಟರುಗಳು, ಕೆಲಸ ಬಿಟ್ಟು ಊರಿಗೆ ಮರಳಿದ ಬೆಂಗಳೂರಿನ ಹುಡುಗರು. ಎಲ್ಲರಿಗೂ ಕಂಟ್ರೋಲ್ ರೂಮು, ಮೆಂಬ್ರೇನು ನೋಡುವ ಆಸೆ. ನಾನು ಹಿಂದಿನಿಂದ ಶುರು ಮಾಡುತ್ತೇನೆ: ಮೊದಲು ಲಗೂನು, ಆಮೇಲೆ ಮಡ್ಡಿಯ ಗುಡ್ಡೆ, ಬಿಳಿ ಹಲಗೆ, ಕೊನೆಗೆ ಎಸಿ ಕೋಣೆ. ಲಗೂನಿನ ದಂಡೆಯಲ್ಲಿ ಕರವಸ್ತ್ರ ಮೂಗಿಗೆ ಹಿಡಿದು, ‘ಮುಂದೆ ಹೋಗೋಣವಾ?’ ಎನ್ನುವವರೇ ಹೆಚ್ಚು. ಹೋದ ವಾರ ಬಂದಿದ್ದ ಒಬ್ಬ ಹುಡುಗ ಮಾತ್ರ ದಂಡೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಕೋಲಿನಿಂದ ಬಗ್ಗಡ ಕದಡಿ, ಇದು ಮಳೆಗಾಲದಲ್ಲಿ ಎಷ್ಟು ಮೇಲೆ ಬರುತ್ತದೆ ಎಂದು ಕೇಳಿದ. ಅವನ ನಂಬರ್ ಬರೆದುಕೊಂಡಿದ್ದೇನೆ.